ಕೋಳಿಗೆ ಬಾಲ ಕಟ್ಟಿದ ಕಾಕಾ

ಹಳಿಯಾಳದ ಪೇಟೆಯಲ್ಲಿ ಆಗ ಎಲ್ಲರಿಗೂ ಯುದ್ಧದ ಚಿಂತೆ, ಸೀಮೆಎಣ್ಣೆಯ ಚಿಂತೆ. ನಮ್ಮ ಕಾಕಾನಿಗೆ ಮಾತ್ರ ಕೋಟ್ಯಂತರ ವರ್ಷಗಳ ಹಿಂದೆ ಸತ್ತ ಪ್ರಾಣಿಯ ಊಟದ ಚಿಂತೆ! ಮನೆಯಲ್ಲಿ ಜೋಳದ ಹಿಟ್ಟು ತೀರಿದ್ದು ಅವನ ಹೆಂಡತಿ ಕಾಕೂಗೆ ಗೊತ್ತು. ಆ ಪ್ರಾಣಿ ಏನು ತಿನ್ನುತ್ತಿತ್ತೆಂಬುದು ಕಾಕಾನಿಗೆ ಗೊತ್ತು. ಸಂಸಾರದಲ್ಲಿ ಕೆಲಸ ಹಂಚಿಕೊಳ್ಳುವುದೆಂದರೆ ಇದೇ ಅಲ್ಲವೇ?

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಅರಿವೆ ಅಂಗಡಿ ಇಟ್ಟಿದ್ದ. ವರ್ಗವಾಗಿ ಹೋದ ಅರಣ್ಯ ಖಾತೆಯ ಜಂಗಲ್ ಸಾಹೇಬನೊಬ್ಬ ಬಿಟ್ಟುಹೋದ ಇಂಗ್ಲಿಷ್ ಪುಸ್ತಕದಲ್ಲಿ ಅವನಿಗೆ ಅದು ಸಿಕ್ಕಿತ್ತು: ಡೈನೋಸಾರುಗಳ ವಂಶ ಆಗಷ್ಟೇ ಶುರುವಾದ ಕಾಲದ, ಆಡಿನೆತ್ತರದ, ಮಾಂಸ ತಿನ್ನುವ ಪುಟ್ಟ ಡೈನೋಸಾರ್. ಬೆಟ್ಟದಂಥವನ್ನು ಬಿಟ್ಟು ಈ ಗಿಡ್ಡನ ಮೇಲೇಕೆ ಪ್ರೀತಿ? "ದೊಡ್ಡಾವನ್ನ ಎಲ್ಲಾರೂ ನೋಡ್ತಾರ. ಇದನ್ನ ಯಾರು ನೋಡಬೇಕು?" ಎನ್ನುತ್ತಿದ್ದ.

ಕುಬಸದ ಅರಿವೆ ಕೇಳಿದ ಹೆಂಗಸರ ಮುಂದೆ ಗಜಕೋಲು ಎತ್ತುತ್ತಿದ್ದ. "ಮೂಗಿನಿಂದ ಬಾಲದ ತನಕಾ ಇಂಥಾ ಮೂರು ಕೋಲು ಉದ್ದ ನೋಡ್ರಿ! ಎಲುಬು ಬಿದಿರಿನಂಗ ಪೊಳ್ಳು, ಹಲ್ಲು ಗರಗಸ. ಓತಿಕ್ಯಾತ ಕಂಡ್ರ ಬಿಡತಿದ್ದಿಲ್ಲ!" ಒಮ್ಮೆ ಮಾತಿನ ಭರದಲ್ಲಿ ಬಾಲದ ಅಳತೆಗೇ ಅರಿವೆ ಹರಿದುಕೊಟ್ಟ. ಹೆಚ್ಚಿಗೆ ಬಂದದ್ದನ್ನೂ ಸೇರಿಸಿ ಮಡಚಿಕೊಂಡು ಆಕೆ ಒಯ್ದಳು. ಯಾರು ತಾನೇ ಬಿಡುತ್ತಾರೆ!

ಸೂಪಾಕ್ಕೆ ನೆಂಟರ ಮದುವೆಗೆ ಹೋದರೆ ಕಾಳಿ ನದಿಯ ದಂಡೆ ಬಿಟ್ಟು ಏಳಲೇ ಇಲ್ಲ. "ಬ್ಯಾಸಗಿಯೊಳಗ ಮಡುವಿನ್ಯಾಗ ಮೀನು ಸಿಕ್ಕೊಂಡಾಗ ಇದು ಹಿಂಗ ಕಾಯ್ತಿದ್ದೀತು. ಮೊಸಳಿಯಂಥಾ ದೊಡ್ಡಾವು ಬಂದ್ರ ಓಡೂದೊಂದ ದಾರಿ." ಊಟಕ್ಕೆ ಕರೆಯಲು ಬಂದವನನ್ನೂ ಕೂರಿಸಿಕೊಂಡ. ಕೊನೆಗೆ ಇಬ್ಬರನ್ನೂ ಕರೆತರಲು ಮದುಮಗನ ಅಪ್ಪನೇ ಹೋಗಬೇಕಾಯಿತು.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಿರುತ್ತಿದ್ದೆವು. ಅದು ಹಕ್ಕಿಯಂತೆ ನಡೆಯುತ್ತಿತ್ತು ಎಂದು ಓದಿದ್ದೇ ತಡ, ಲಾರಿ ರಿಪೇರಿ ಮಾಡುವ ಗೆಳೆಯ ಸಾಬರ ಮನೆಯಿಂದ ಒಂದು ಕೋಳಿ ತಂದುಬಿಟ್ಟ. ನಮ್ಮದೋ ಲಿಂಗ ಕಟ್ಟಿದ ಮನೆ. ತತ್ತಿಯ ಹೆಸರೆತ್ತಿದರೂ ಅಜ್ಜಿ ಬಾಯಿ ತೊಳೆಸುತ್ತಿದ್ದಳು!

"ಈ ಮನಿಯಾಗ ಕೋಳಿ ಏನೋ?"

"ತಿನ್ನಾಕಲ್ಲವ್ವ, ನೋಡಾಕ."

"ನೋಡಿದ್ದು ಹೊಟ್ಟಿಗೆ ಇಳಿಯಾಕ ಎಷ್ಟೊತ್ತು ಬೇಕು!"

ಕೋಳಿಗೆ ಉದ್ದನೆಯ ಬಾಲವಿಲ್ಲವೆಂಬ ಕೊರತೆ ಕಾಕಾನನ್ನು ಕಾಡಿತು. ಜೋಳದ ದಂಟಿಗೆ ಅರಿವೆ ಸುತ್ತಿ ಹಿಂದೆ ಕಟ್ಟಿದ. ಬಡಪಾಯಿ ಕೋಳಿ ತಲೆ ಮುಂದಕ್ಕೆ ಚಾಚಿ ಹೊಸ ನಡಿಗೆ ಕಲಿಯಿತು. ಕಾಕಾ ಹಿತ್ತಲಲ್ಲಿ ಕುಣಿದಾಡಿದ.

ಅದೇ ವಾರ ನನ್ನನ್ನು ನೋಡಲು ಪಾಳಾದಿಂದ ಗಂಡಿನವರು ಬಂದರು. ಬಾಗಿಲ ಸಂದಿಯಿಂದ ನೋಡಿದಾಗಲೇ ಹುಡುಗ ನನಗೆ ಹಿಡಿಸಿದ್ದ. ನಾನು ಅವಲಕ್ಕಿ ತಟ್ಟೆ ಹಿಡಿದು ಬರುವುದಕ್ಕೂ, ಬಾಲದ ಕೋಳಿ ಪಡಸಾಲೆಗೆ ಬರುವುದಕ್ಕೂ ಸರಿಹೋಯಿತು!

"ಇದೇನ್ರಿ?" ಎಂದರು ಹುಡುಗನ ಅಪ್ಪ.

ಕೇಳಬಾರದಿತ್ತು. ಬೇಟೆ, ರಕ್ತ, ಕರುಳು ಎಂದು ಕಾಕಾ ಕೈ ತಿರುಗಿಸಿ ತಿರುಗಿಸಿ ವಿವರಿಸಿದ. ಹುಡುಗ ನಕ್ಕ. ಅವನ ಅಪ್ಪ ಅವಲಕ್ಕಿ ಮುಟ್ಟದೆ ಎದ್ದರು. "ಕೋಳಿ ಸಾಕಿದ ಮನಿ ಹುಡುಗಿ ನಮಗ ಬ್ಯಾಡ್ರಿ."

ನಾನು ಅಡಿಗೆಮನೆಯಲ್ಲಿ ಕೂತು ಅತ್ತೆ. ನೀರು ಕುಡಿಯಲು ಬಂದ ಕಾಕಾ ಅದನ್ನು ನೋಡಿ, ನೀರು ಕುಡಿಯದೇ ಹೋದ.

ಮರುದಿನ ಕೋಳಿಯನ್ನು ಗೆಳೆಯನಿಗೆ ಮರಳಿಸಿ, ಕೊಯ್ಯುವುದಿಲ್ಲವೆಂದು ಮಾತು ತೆಗೆದುಕೊಂಡು, ಅಪ್ಪನೊಡನೆ ಬಂಡಿ ಕಟ್ಟಿಸಿ ಪಾಳಾಕ್ಕೆ ಹೋದ. ಅಲ್ಲಿ ನಡೆದದ್ದನ್ನು ಅಪ್ಪ ಬಂದು ಅವ್ವನಿಗೆ ಹೇಳುವಾಗ ಕೇಳಿಸಿಕೊಂಡೆ. ಊರ ಹಿರಿಯರೆದುರು ಕಾಕಾ ಕೈ ಮುಗಿದು ನಿಂತಿದ್ದನಂತೆ. "ಹುಚ್ಚು ನಂದ್ರಿ, ಹುಡುಗೀದಲ್ಲ. ಅಂಥಾ ಪ್ರಾಣಿ ಇದ್ದೇ ಇಲ್ಲ. ಎಲ್ಲಾ ನಾ ಕಟ್ಟಿದ ಸುಳ್ಳು. ಇನ್ನ ಅದರ ಸುದ್ದಿ ತಗಿಯೂದಿಲ್ಲ."

ಮದುವೆ ಗಟ್ಟಿಯಾಯಿತು. ಕಾಕಾ ಮಾತು ಉಳಿಸಿಕೊಂಡ. ಅಂಗಡಿಯಲ್ಲಿ ಸುಮ್ಮನೆ ಅರಿವೆ ಅಳೆಯುವ ಅವನನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಗಂಡನ ಮನೆಗೆ ಹೊರಟ ದಿನ ಕಾಕಾನ ಕಾಲಿಗೆ ಬಿದ್ದು, ಏಳುವಾಗ ಮೆಲ್ಲಗೆ ಕೇಳಿದೆ: "ಕಾಕಾ, ಅದು ಖರೇನ ಇತ್ತು, ಹೌದಲ್ಲ?"

ಬೀಗರು ಬಂಡಿಯ ಆಚೆ ಇದ್ದಾರೆಂದು ಖಾತ್ರಿ ಮಾಡಿಕೊಂಡು ಕಾಕಾ ನನ್ನ ತಲೆಯ ಮೇಲೆ ಕೈಯಿಟ್ಟ. ಕಣ್ಣು ತುಂಬಿದ್ದವು.

"ಇತ್ತು ಯವ್ವಾ," ಅಂದ. "ಭಾಳ ಚಂದ ಓಡ್ತಿತ್ತು."