ಹತ್ತನೆಯ ತಲೆ

ಮನುಷ್ಯನಿಗೆ ಬೇರೆ ಏನು ಗತಿ ಬಂದರೂ ಬರಲಿ, ತಾನೇ ಒಂದು ಕಾಲದಲ್ಲಿ ಕ್ಲಾಸಿನಿಂದ ಆಚೆಗಟ್ಟಿದವನ ಮನೆ ಬಾಗಿಲಲ್ಲಿ ಕರಪತ್ರ ಹಿಡಿದು ನಿಲ್ಲುವ ಗತಿ ಮಾತ್ರ ಬರಬಾರದು. ನನಗೆ ಬಂತು. ಇದಕ್ಕೆಲ್ಲ ಆರ್ಥಿಕ ಹಿಂಜರಿತವೇ ಕಾರಣ ಎಂದು ನಮ್ಮ ಕಾಲೇಜಿನ ಅಧ್ಯಕ್ಷರು ಹೇಳುತ್ತಾರೆ.

ನಾನು ಚನ್ನಪಟ್ಟಣದ ಒಂದು ಖಾಸಗಿ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಹಿಂಜರಿತ ನಮ್ಮಲ್ಲಿ ಮೊದಲು ನುಗ್ಗಿದ್ದು ಸ್ಟಾಫ್ ರೂಮಿಗೆ. ಮಧ್ಯಾಹ್ನದ ಕಾಫಿ ನಿಂತಿತು. ಎರಡು ಫ್ಯಾನುಗಳಲ್ಲಿ ಒಂದು ನಿಂತಿತು. ತಿರುಗುವ ಫ್ಯಾನಿನ ಕೆಳಗೆ ಕೂರಲು ಸೀನಿಯಾರಿಟಿ ನೋಡಬೇಕಾಯಿತು. ಸೀಮೆಸುಣ್ಣ ಪ್ರಿನ್ಸಿಪಾಲರ ಬೀರುವಿನೊಳಗೆ ಹೋಗಿ ಬೀಗ ಹಾಕಿಸಿಕೊಂಡಿತು. ಯಾವುದೂ ಸಾಲದೆ, ಅಧ್ಯಕ್ಷರು ಮೀಟಿಂಗ್ ಕರೆದು, ಬೇಸಿಗೆ ರಜೆಯಲ್ಲಿ ಒಬ್ಬೊಬ್ಬ ಮೇಷ್ಟ್ರೂ ಹಳ್ಳಿ ತಿರುಗಿ ಹತ್ತು ತಲೆ ತರಬೇಕು, ತಾರದವರ ವಿಭಾಗ ಮುಚ್ಚುತ್ತೇವೆ ಎಂದರು. ತಲೆ ಎಂದರೆ ಅಡ್ಮಿಷನ್. ರಾವಣನಿಗೆ ಶ್ರಮವಿಲ್ಲದೆ ಒದಗಿದ ಸಂಖ್ಯೆ ನನಗೆ ಒಂಬತ್ತಕ್ಕೆ ನಿಂತುಬಿಟ್ಟಿತು.

ಏನು ಕಾಲವಪ್ಪ ಅದು, ನಾನು ಕೆಲಸಕ್ಕೆ ಸೇರಿದ ಕಾಲ! ಬೆಂಚಿಗೆ ಆರು ಜನ, ಜಾಗವಿಲ್ಲದೆ ಕಿಟಕಿಯ ಮೇಲಿಬ್ಬರು. ಸೀಟು ಕೇಳಲು ಅಪ್ಪಂದಿರು ಮಾವಿನಹಣ್ಣಿನ ಮಂಕರಿ ಹೊತ್ತು ಬರುತ್ತಿದ್ದರು. ನಾವು ‘ನೋಡೋಣ’ ಎನ್ನುತ್ತಿದ್ದೆವು. ಹಾಗೆನ್ನುವಾಗ ನನ್ನ ಕತ್ತು ಎಷ್ಟು ನೆಟ್ಟಗಿರುತ್ತಿತ್ತು ಎಂಬುದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಹೊಂಗನೂರಿನ ಸಿದ್ದರಾಜು ಆ ಕಾಲದ ಹುಡುಗ. ಆಗಾಗ ಮೂರು ನಾಲ್ಕು ದಿನ ನಾಪತ್ತೆಯಾಗುತ್ತಿದ್ದ. ಕೇಳಿದರೆ, ‘ಹುಳ ಹಣ್ಣಾಗಿತ್ತು ಸಾ’ ಎನ್ನುತ್ತಿದ್ದ. ಮೈಸೂರು ಪೇಟೆಯಲ್ಲಿ ಬೆಳೆದ ನನಗೆ ಇಂಥ ಹಸಿ ಸುಳ್ಳನ್ನು ಕೇಳಿ ಗೊತ್ತಿರಲಿಲ್ಲ. ಹುಳ ಬೇಕೋ ಇತಿಹಾಸ ಬೇಕೋ ತೀರ್ಮಾನ ಮಾಡು ಎಂದು ಆಚೆಗೆ ಕಳಿಸಿದೆ. ಹಾಜರಿ ಸಾಲದೆ ಪರೀಕ್ಷೆಗೆ ಕೂರಲಾಗಲಿಲ್ಲ, ಮತ್ತೆ ಅವನು ಕಾಲೇಜಿನ ಕಡೆ ಬರಲಿಲ್ಲ.

ಅವನ ಮಗಳು ಪಿಯುಸಿ ಪಾಸಾಗಿದ್ದಾಳೆಂದು ತಿಳಿದು ಬಸ್ಸು ಹತ್ತಿದೆ. ಮನೆ ತುಂಬ ಜನ ಓಡಾಡುತ್ತಿದ್ದರು; ಏನೋ ಶುಭಕಾರ್ಯವಿರಬೇಕು, ಊಟಕ್ಕೆ ತೊಂದರೆಯಿಲ್ಲ ಎಂದುಕೊಂಡೆ. ಸಿದ್ದರಾಜು ನನ್ನ ಗುರುತು ಹಿಡಿದ, ಕರಪತ್ರದ ಕಡೆ ಕಣ್ಣೆತ್ತಲಿಲ್ಲ.

“ಕೈಕಾಲ್ ತೊಳ್ಕೊಂಡ್ ಒಳಕ್ ಬನ್ನಿ ಸಾ. ಹುಳ ಹಣ್ಣಾಗೈತೆ, ಮಾತು ಆಮೇಕೆ.”

ರೇಷ್ಮೆ ಹುಳ ಹಣ್ಣಾದ ದಿನ ಮನೆಗೆ ಯಾರೇ ಬರಲಿ, ಕೂತು ಹುಳ ಆಯಲೇಬೇಕಂತೆ. ಕರೆಂಟಿನ ಮೀಟರ್ ಓದಲು ಬಂದಿದ್ದವನು ಆಗಲೇ ಒಂದು ಮೂಲೆಯಲ್ಲಿ ಕೂತು ಆಯುತ್ತಿದ್ದ. ನಾನೂ ಕೂತೆ. ಹಳದಿಗೆ ತಿರುಗಿ ಮೈಯಲ್ಲಿ ಬೆಳಕು ಹಾಯುವಂತಾದ ಹುಳಗಳನ್ನಷ್ಟೇ ಆಯ್ದು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಸೊಪ್ಪಿನಲ್ಲೇ ನೂಲು ಬಿಟ್ಟು ಒಂದು ತಿಂಗಳ ದುಡಿಮೆ ಮಣ್ಣುಪಾಲು. ನಾನು ಹಣ್ಣಾಗದವನ್ನೇ ಎತ್ತಿ ಎತ್ತಿ ಬಿಡುತ್ತಿದ್ದೆ. ಸಿದ್ದರಾಜುವಿನ ಮಗಳು, ಅಂದರೆ ನನ್ನ ಹತ್ತನೆಯ ತಲೆ, ಅವನ್ನೆಲ್ಲ ವಾಪಸ್ಸು ಸೊಪ್ಪಿಗೆ ಬಿಡುತ್ತಿದ್ದಳು. ಮೂರು ಗಂಟೆಯ ಹೊತ್ತಿಗೆ ನನ್ನ ಸೊಂಟ ಹಿಡಿದುಕೊಂಡಿತು. ಆ ಹುಡುಗ ಇಂಥ ದಿನಗಳನ್ನು ಕಳೆದು ಬಂದು, ನನ್ನೆದುರು ನಿಂತು ಬರೀ ನಿಜ ಹೇಳುತ್ತಿದ್ದ. ನಿಜವಾಗಿ ನಾಚಿಕೆಯಾಯಿತು. ತಪ್ಪಾಯಿತಪ್ಪ ಎಂದೆ.

“ಬುಡಿ ಸಾ,” ಎಂದ ಸಿದ್ದರಾಜು, ಕೈಯ ಕೆಲಸ ನಿಲ್ಲಿಸದೆ. “ನೀವ್ ಅವತ್ತು ಆಚೆಗ್ ಕಳುಸ್ದೇ ಇದ್ದಿದ್ರೆ, ನಾನೂ ಓದ್ಕೊಂಡು ಇವತ್ತು ಕರಪತ್ರ ಹಿಡ್ಕೊಂಡ್ ತಿರುಗ್ತಿದ್ದೆ.”

ಮೀಟರಿನವನು ನಕ್ಕ. ನನಗೂ ನಗು ಬಂತು, ಒಸಿ ತಡವಾಗಿ.

ಮಗಳನ್ನು ಕಳಿಸಲು ಸಿದ್ದರಾಜು ಒಪ್ಪಿದ. ಒಂದೇ ಷರತ್ತು: ಅವಳು ಕಾಲೇಜಿಗೆ ಬಂದರೆ ಹುಳ ಹಣ್ಣಾದ ದಿನ ಮನೆಯಲ್ಲಿ ಒಂದು ಆಳು ಕಮ್ಮಿಯಾಗುತ್ತದೆ, ಆ ಜಾಗ ನಾನೇ ತುಂಬಿಕೊಡಬೇಕು. ವಿಭಾಗ ಉಳಿಯುವುದಾದರೆ ಏನಾದರೂ ಸರಿ ಎಂದು ಒಪ್ಪಿಕೊಂಡೆ.

ಈಗ ಇತಿಹಾಸ ವಿಭಾಗ ಉಳಿದಿದೆ. ಸಿದ್ದರಾಜುವಿನ ಮಗಳು ಒಂದು ದಿನವೂ ತಪ್ಪಿಸುವುದಿಲ್ಲ. ಆಗಾಗ ನಾಪತ್ತೆಯಾಗುವವನು ನಾನು. ಮೊನ್ನೆ ಪ್ರಿನ್ಸಿಪಾಲರು ಕರೆಸಿ, ಮೂರು ದಿನ ಎಲ್ಲಿ ಹಾಳಾಗಿ ಹೋಗಿದ್ದಿರಿ ಎಂದು ಕೇಳಿದರು. ಅವರೂ ಪೇಟೆಯಲ್ಲಿ ಬೆಳೆದವರೇ.

“ಹುಳ ಹಣ್ಣಾಗಿತ್ತು ಸಾರ್,” ಎಂದೆ.

ಅವರು ನನ್ನನ್ನು ನೋಡಿದ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಿಸಿಕೊಳ್ಳುವುದೇಕೆಂದು ನಾನೇ ಎದ್ದು ಆಚೆಗೆ ಬಂದೆ.