ಕಾಲೇಜು ನೋಡುವ ಶಾಸ್ತ್ರ

ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುವುದು ನನ್ನ ಕೆಲಸ. ಸಿಇಟಿ ಫಲಿತಾಂಶ ಬಂತೆಂದರೆ ಮಾತ್ರ ಯಾರೂ ನನ್ನ ಹತ್ತಿರ ಕೆಮಿಸ್ಟ್ರಿ ಕೇಳುವುದಿಲ್ಲ. ಹೂವಿನ ಅಂಗಡಿಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಎಲ್ಲೆಲ್ಲೂ ಒಂದೇ ಪ್ರಶ್ನೆ: "ಮೇಡಂ, ಹೆಸರಿರೋ ಯೂನಿವರ್ಸಿಟಿಗೆ ಸೇರಿಸೋದೋ, ಇಷ್ಟದ ಕೋರ್ಸಿಗೆ ಸೇರಿಸೋದೋ?" ಒಮ್ಮೆ ಹಲ್ಲು ಕೀಳಿಸಲು ಹೋದಾಗ ಡಾಕ್ಟರೂ ಇದನ್ನೇ ಕೇಳಿದರು. ಬಾಯಿ ತುಂಬ ಹತ್ತಿ ಇದ್ದದ್ದರಿಂದ "ಆಂ..." ಅಂದೆ. "ನಾನೂ ಹಾಗೇ ಅಂದ್ಕೊಂಡಿದ್ದೆ" ಅಂತ ಮಗನನ್ನು ಸೇರಿಸಿಯೇಬಿಟ್ಟರು. ಎಲ್ಲಿಗೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಬಸ್ಸಿನಲ್ಲಿ ಮತದಾನ

ನನ್ನ ಮನೆ ಭದ್ರಾವತಿ, ಕಾಲೇಜು ಶಿವಮೊಗ್ಗ. ಒಂದು ಬೆಳಿಗ್ಗೆ ಬಸ್ಸಿನಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ಅಪ್ಪನ ಜೊತೆ ಸಿಕ್ಕಳು. ಅವಳಿಗೆ ಫುಡ್ ಟೆಕ್ನಾಲಜಿ ಓದುವಾಸೆ. ಅದು ಸಿಕ್ಕಿದ್ದು ಯಾರೂ ಹೆಸರು ಕೇಳದ ಕಾಲೇಜಿನಲ್ಲಿ. ಅಪ್ಪನಿಗೆ ದೊಡ್ಡ ಯೂನಿವರ್ಸಿಟಿಯೇ ಆಗಬೇಕು. ಅಲ್ಲಿ ಸಿಕ್ಕಿದ್ದು ಸ್ಟಾಟಿಸ್ಟಿಕ್ಸ್.

"ಹೆಸರು ನೋಡಿನೇ ಕೆಲಸ ಕೊಡೋದು ಮೇಡಂ," ಅಂದರು ಅಪ್ಪ.

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಒಬ್ಬರು, "ಯಾರ್ರೀ ಹೇಳಿದ್ದು? ನಮ್ ಫ್ಯಾಕ್ಟ್ರೀಲಿ ಕೆಲಸ ಬರುತ್ತಾ ಅಂತ ಕೇಳ್ತಾರೆ," ಅಂದರು. ಮುಂದಿನ ಸೀಟಿನವರು ಅಪ್ಪನ ಪರ ನಿಂತರು. ಗಲಾಟೆ ಜೋರಾಯಿತು. ಕಂಡಕ್ಟರ್ ಸೀಟಿ ಊದಿ, "ಕೋರ್ಸು ಅನ್ನೋರು ಕೈ ಎತ್ರಪ್ಪಾ!" ಅಂದ. ಬಸ್ಸಿನ ತುಂಬ ಕೈಗಳು.

"ನಿಂತಿರೋರು ರಾಡ್ ಹಿಡ್ಕೊಂಡಿದಾರೆ ಕಣಯ್ಯಾ!" ಅಂತ ಅಪ್ಪ ಕೂಗಿದರು. ಅಷ್ಟರಲ್ಲಿ ಮಾಚೇನಹಳ್ಳಿ ಬಂತು. ಫ್ಯಾಕ್ಟರಿಯವರೆಲ್ಲ ಇಳಿದು ಬಸ್ಸು ಅರ್ಧ ಖಾಲಿಯಾಯಿತು. ಅಪ್ಪನ ಮುಖ ಅರಳಿತು. "ಈಗ ಇನ್ನೊಂದ್ಸಲ ಎತ್ತಿಸು."

ಕಂಡಕ್ಟರ್ ತಲೆಯಾಡಿಸಿದ. "ಆಗಲ್ಲ ಸಾರ್. ಇಳಿದೋರೂ ಟಿಕೆಟ್ ತಗೊಂಡೇ ಓಟು ಹಾಕಿರೋದು."

ಹುಡುಗಿ ಈಗ ಫುಡ್ ಟೆಕ್ನಾಲಜಿ ಓದುತ್ತಿದ್ದಾಳೆ. ಅಪ್ಪ ಬೇರೆ ಬಸ್ಸಿನಲ್ಲಿ ಓಡಾಡುತ್ತಾರೆ.

ದೇವರ ಕೌನ್ಸೆಲಿಂಗ್

ನಮ್ಮ ಕಾಲೇಜಿನ ಪಕ್ಕದ ಹಾರ್ಡ್‌ವೇರ್ ಅಂಗಡಿ ಸಾಹುಕಾರರ ಮಗನಿಗೆ ಸೀಟು ಒಪ್ಪಿಕೊಳ್ಳಲು ಕಡೇ ದಿನ ಬಂತು. ಸಾಹುಕಾರರು ಮಗನನ್ನೂ ನನ್ನನ್ನೂ ಈಶ್ವರನ ಗುಡಿಗೆ ಕರೆದುಕೊಂಡು ಹೋದರು. ಲಿಂಗದ ಮೇಲಿಟ್ಟ ಹೂ ಬಲಕ್ಕೆ ಬಿದ್ದರೆ ಅಪ್ಪನಿಗೆ ಬೇಕಾದ ಯೂನಿವರ್ಸಿಟಿ, ಎಡಕ್ಕೆ ಬಿದ್ದರೆ ಮಗನಿಗೆ ಬೇಕಾದ ಕೋರ್ಸು.

ಹೂ ಅಲ್ಲಾಡಲಿಲ್ಲ. ಮಗ ಬಲಗಡೆ ನಿಂತು ಕೆಮ್ಮತೊಡಗಿದ. ಸಾಹುಕಾರರು ಅವನ ಬಾಯಿಗೆ ಟವೆಲ್ ಒತ್ತಿದರು. "ದೇವರ ಮೇಲೆ ಒತ್ತಡ ತರಬೇಡ" ಅಂತ ಫ್ಯಾನನ್ನೂ ಆರಿಸಿದರು. ಎಲ್ಲರೂ ಬೆವರಿದೆವು. ಹೂ ಮಾತ್ರ ಕೂತಲ್ಲೇ ಕೂತಿತ್ತು.

ಕೊನೆಗೆ ಅರ್ಚಕರು ಹೇಳಿದರು: "ಅವನು ಸೆಕೆಂಡ್ ರೌಂಡಿಗೆ ಕಾಯ್ತಿರ್ಬೇಕು ಯಜಮಾನ್ರೆ. ನೀವೂ ಕಾಯಿರಿ."

ಕಾದರು. ಎರಡನೇ ರೌಂಡಿನಲ್ಲಿ ಮಗನಿಗೆ ಇಷ್ಟದ ಕೋರ್ಸು ಅಪ್ಪನ ಯೂನಿವರ್ಸಿಟಿಯಲ್ಲೇ ಸಿಕ್ಕಿತು! ಮರುವರ್ಷ ಜನ ನನ್ನನ್ನು ಬಿಟ್ಟು ಗುಡಿಗೆ ಹೋಗತೊಡಗಿದರು. ಅರ್ಚಕರು ಮಾತ್ರ ನನಗೆ ಫೋನ್ ಮಾಡಿ ಮೆಲ್ಲಗೆ ಕೇಳಿದರು: "ಮೇಡಂ, ಈ ಮ್ಯಾನೇಜ್‌ಮೆಂಟ್ ಕೋಟಾ ಅಂದ್ರೇನು?"

ಭಾಷೆ ಬಗ್ಗೆ ಓದಿದವನು

ಪಕ್ಕದ ಮನೆಯ ಹುಡುಗ ದೊಡ್ಡ ಹೆಸರಿನ ಯೂನಿವರ್ಸಿಟಿ ಅಂತ ಉತ್ತರದ ಕಡೆ ಹೋಗಿ, ಸಿಕ್ಕಿದ ಭಾಷಾವಿಜ್ಞಾನಕ್ಕೆ ಸೇರಿದ. ರಜೆಗೆ ಬಂದಾಗ ನಮ್ಮ ಬೀದಿಯಲ್ಲಿ ಬಟ್ಟೆ ಒಣಹಾಕುವ ಹಗ್ಗದ ವಿಷಯಕ್ಕೆ ಜಗಳ ನಡೆದಿತ್ತು. ಒಬ್ಬಾಕೆ ತಮಿಳಿನಲ್ಲಿ ಬೈಯುತ್ತಿದ್ದರು, ಇನ್ನೊಬ್ಬಾಕೆ ತೆಲುಗಿನಲ್ಲಿ.

"ಏನಂತಿದಾರೆ ಹೇಳೋ," ಅಂದರು ಅವನ ತಾಯಿ.

"ಅಮ್ಮಾ, ನಾವು ಭಾಷೆ ಕಲಿಯಲ್ಲ. ಭಾಷೆ ಬಗ್ಗೆ ಕಲೀತೀವಿ."

"ಹಾಗಾದ್ರೆ ಇವತ್ತು ಊಟ ಇಲ್ಲ. ಊಟದ ಬಗ್ಗೆ ಹೇಳ್ತೀನಿ, ಕೇಳಿಸ್ಕೊಂಡು ಮಲ್ಕೋ."

ಹುಡುಗನಿಗೆ ರೋಷ ಬಂತು. ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ ಜಗಳದ ನಡುವೆ ನಿಂತ. "ಆಂಟಿ, ಆ ಕೊನೇ ಬೈಗುಳ ಇನ್ನೊಂದ್ಸಲ ನಿಧಾನಕ್ಕೆ ಹೇಳ್ತೀರಾ? ದೀರ್ಘ ಸರಿಯಾಗಿ ಕೇಳಿಸ್ಲಿಲ್ಲ."

ಇಬ್ಬರೂ ಜಗಳ ನಿಲ್ಲಿಸಿ ಅವನ ಕಡೆ ತಿರುಗಿದರು. ಒಕ್ಕೊರಲಿನಿಂದ, ಅಚ್ಚಕನ್ನಡದಲ್ಲಿ ಬೈದರು. ಅದನ್ನು ಮಾತ್ರ ಅವನು ಯಾರಿಗೂ ಕೇಳಿಸಲಿಲ್ಲ.

ಊರಿಗೆ ಹೋಗಿ ತಿಳಿಸ್ತೀವಿ

ಶಿವಮೊಗ್ಗದ ನಿವೃತ್ತ ಶಿರಸ್ತೇದಾರರೊಬ್ಬರ ಮೊಮ್ಮಗಳಿಗೆ ದೂರದ ಹೆಸರುವಾಸಿ ಕಾಲೇಜಿನಲ್ಲಿ ಸಿವಿಲ್ ಸಿಕ್ಕಿತು. ಅವಳಿಗೆ ಬೇಕಾಗಿದ್ದು ಎಲೆಕ್ಟ್ರಾನಿಕ್ಸ್. ಅದು ಊರಿನ ಸಾಧಾರಣ ಕಾಲೇಜಿನಲ್ಲೇ ಇತ್ತು. "ಮನೆ ನೋಡ್ದೆ ಹೆಣ್ಣು ಕೊಡ್ತೀವಾ? ಕಾಲೇಜೂ ಹಾಗೇ," ಅಂದ ತಾತ ರಾಹುಕಾಲ ನೋಡಿ ವ್ಯಾನು ಹೊರಡಿಸಿದರು. ಅತ್ತೆ, ಸೋದರಮಾವ, ತಟ್ಟೆಯಲ್ಲಿ ಬಾಳೆಹಣ್ಣು, ಜೊತೆಗೆ ನಾನು.

ವಿಭಾಗದ ಮುಖ್ಯಸ್ಥರು ಹಣ್ಣಿನ ತಟ್ಟೆ ನೋಡಿ ಗಾಬರಿಯಾದರು. ಅತ್ತೆ ಹಾಸ್ಟೆಲಿನ ಅಡುಗೆಮನೆ ನೋಡಿ ಬಂದರು. ಸೋದರಮಾವ ಗೋಡೆಯ ಸುಣ್ಣ ಕೆರೆದು ನೋಡಿದರು.

"ನಿಮಗೆ ಮಕ್ಕಳು?" ಅಂದರು ತಾತ.

"ಒಬ್ಬಳೇ ಮಗಳು. ಅವಳಿಗೂ ಇಲ್ಲೇ, ಇದೇ ಸಿವಿಲ್ ಸಿಕ್ಕಿತ್ತು. ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ಇಷ್ಟದ ಕೋರ್ಸು ಅಂತ ನಿಮ್ಮೂರಿನ ಕಾಲೇಜಿಗೇ ಸೇರಿದ್ಲು."

ತಾತ ಎದ್ದು ನಿಂತರು.

"ಅಂದ್ರೆ, ನಿಮ್ಮ ಮಗಳು ಬೇಡ ಅಂದ ಸೀಟನ್ನ ನಮ್ಮ ಹುಡುಗಿಗೆ ಕಟ್ತಿದೀರಾ?"

ಮುಖ್ಯಸ್ಥರು ಬೆವರು ಒರೆಸಿಕೊಂಡರು. ತಾತ ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡು, "ಊರಿಗೆ ಹೋಗಿ ತಿಳಿಸ್ತೀವಿ," ಅಂದರು. ಮೊಮ್ಮಗಳು ಎಲ್ಲರಿಗಿಂತ ಮೊದಲು ಓಡಿ ಹೋಗಿ ವ್ಯಾನಿನಲ್ಲಿ ಕೂತಿದ್ದಳು.

ವ್ಯಾನು ಹೊರಡುವಾಗ ಮುಖ್ಯಸ್ಥರು ಹಿಂದೆಯೇ ಬಂದರು. ಕಿಟಕಿ ಹಿಡಿದು, ದನಿ ತಗ್ಗಿಸಿ ತಾತನನ್ನು ಕೇಳಿದರು:

"ಯಜಮಾನ್ರೆ, ನಮ್ಮ ಹುಡುಗಿ ಸೇರಿರೋ ಆ ಕಾಲೇಜು... ಮನೆತನ ಹೇಗೆ?"