ಹನ್ನೆರಡನೇ ನಾಳೆ

ಅಂಗಡಿಗೆ ಪರವಾನಗಿ ಕೊಡುವ ಮೇಜಿನ ಹಿಂದೆ ಕೂತವನು ನಗೆಪಾಟಲಾಗಲು ಹೊರಗೆಲ್ಲೂ ಹೋಗಬೇಕಾಗಿಲ್ಲ, ಅದು ತಾನಾಗಿಯೇ ಬಾಗಿಲಿಗೆ ಬರುತ್ತದೆ. ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಎಲ್ಲ ಕಡೆಯೂ ನಾನು ಹಾಗೆ ಕೂತಿದ್ದೇನೆ. ಇದು ನಡೆದದ್ದು ಯಾವ ಊರಲ್ಲಿ ಅಂತ ಮಾತ್ರ ಹೇಳುವುದಿಲ್ಲ. ಅಷ್ಟಾದರೂ ಮಾನ ಉಳಿಯಲಿ.

೧. ಯಾವ ಬೆಟ್ಟ?

ಚಳಿ ಶುರುವಾದಾಗ ಒಬ್ಬ ಟಿಬೆಟಿನ ಹೆಂಗಸು ಬಂದಳು. ಬಸ್ ಸ್ಟ್ಯಾಂಡ್ ಪಕ್ಕ ಸ್ವೆಟರ್ ಅಂಗಡಿ ಹಾಕಲು ಅನುಮತಿ ಬೇಕಿತ್ತು. ಇಷ್ಟು ವರ್ಷ ಚಿಕ್ಕಮ್ಮನ ಅಂಗಡಿಯಲ್ಲಿ ಕೂಲಿಗಿದ್ದವಳು, ಇದೇ ಮೊದಲು ಸ್ವಂತಕ್ಕೆ ಮಾಲು ತಂದಿದ್ದಳು. ಕನ್ನಡ ಕಲಿತದ್ದು ಸಂತೆಗಳಲ್ಲಿ.

ನಾನು ತಲೆ ಎತ್ತದೆ ಅರ್ಜಿ ತುಂಬುತ್ತಾ, "ಸ್ವಂತ ಊರು?" ಅಂದೆ.

"ಬೆಟ್ಟದ ಆಚೆ ಸಾರ್. ಚಿಕ್ಕವಳಿದ್ದಾಗ ಅಮ್ಮನ ಜೊತೆ ನಡ್ಕೊಂಡು ದಾಟಿ ಬಂದೆ."

"ಯಾವ ಬೆಟ್ಟ? ಕೊರಟಗೆರೆ ಹತ್ತಿರದ ಸಿದ್ದರಬೆಟ್ಟವಾ?"

"ಅಲ್ಲ ಸಾರ್, ಹಿಮಾಲಯ."

ಜವಾನ ನಗು ತಡೆಯಲಾರದೆ ಹೊರಗೆ ಓಡಿದ. ಅಷ್ಟರಲ್ಲಿ ಬರೆದಿದ್ದ 'ಕೊರಟಗೆರೆ ತಾಲ್ಲೂಕು' ಎಂಬುದನ್ನು ನಾನು ಮೆಲ್ಲಗೆ ಹೊಡೆದುಹಾಕಿದೆ.

೨. ಟೈಮಿಗೆ ಬರುವವರು

ನಗೆಪಾಟಲಾದ ಸಿಟ್ಟಿಗೋ ಅಭ್ಯಾಸಕ್ಕೋ, "ನಾಳೆ ಬನ್ನಿ" ಅಂದೆ. ನಮ್ಮ ಕಡೆಯವರಿಗೆ ಅದರ ಮರ್ಮ ಗೊತ್ತು. ವಾರ ಬಿಟ್ಟು, ಯಾರನ್ನಾದರೂ ಹಿಡಿದುಕೊಂಡು ಬರುತ್ತಾರೆ. ಇವಳು ಮಾರನೇ ದಿನ ಬೀಗ ತೆಗೆಯುವ ಮುಂಚೆಯೇ ಬಂದು ಬೆಂಚಿನ ಮೇಲೆ ಕೂತಿದ್ದಳು. ಅದರ ಮಾರನೇ ದಿನವೂ.

"ಸಾರ್, ಅಯಮ್ಮ ಇವತ್ತೂ ಬಂದವ್ಳೆ. ಬೀಗ ತೆಗ್ಯಕೆ ನಂಗೇ ನಾಚ್ಕೆ ಆಯ್ತದೆ, ಏನಾರ ಮಾಡಿ ಕಳ್ಸಿಬುಡಿ" ಅಂದ ಜವಾನ.

ಚಳಿ ಇದ್ದಷ್ಟು ದಿನವೇ ಅವಳ ವ್ಯಾಪಾರ. ಮಾಲು ಮಿಕ್ಕರೆ ಮತ್ತೆ ಚಿಕ್ಕಮ್ಮನ ಕೂಲಿಯೇ ಗತಿ. ಗೊತ್ತಿದ್ದೂ ಹನ್ನೆರಡು ದಿನ ಓಡಾಡಿಸಿದೆ. ಕೊನೆಗೆ ಸಹಿ ಹಾಕಿದ್ದೂ ಕರುಣೆಯಿಂದಲ್ಲ. ಅವತ್ತು ಬೆಳಿಗ್ಗೆಯೇ ತಪಾಸಣೆಗೆ ಬಂದ ಮೇಲಧಿಕಾರಿ ಬೆಂಚಿನ ಮೇಲಿದ್ದ ಅವಳನ್ನು ತೋರಿಸಿ, "ಹೊಸದಾಗಿ ಸೇರಿದವರಾ? ಎಷ್ಟು ಸರಿಯಾಗಿ ಟೈಮಿಗೆ ಬಂದಿದ್ದಾರೆ, ನೋಡಿ ಕಲೀರಿ" ಅಂದಿದ್ದರು.

೩. ಎತ್ತಿಟ್ಟಿರಿ

ಅಂಗಡಿ ಶುರುವಾದ ಮೇಲೆ ಹೆಂಡತಿಯ ಜೊತೆ ಹೋದೆ. ಒಂದು ಕಂದು ಸ್ವೆಟರ್ ಹಾಕಿ, ಬಿಚ್ಚಿ, ಚೌಕಾಸಿ ಮಾಡಿ, "ಎತ್ತಿಟ್ಟಿರಿ, ನಾಳೆ ಬರ್ತೀವಿ" ಅಂತ ನಯವಾಗಿ ಜಾರಿಕೊಂಡೆವು. ಊರಿಗೆ ಊರೇ ಹಾಗೆ ಅನ್ನುತ್ತದೆ.

ಶಿವರಾತ್ರಿ ಕಳೆದು ಬಿಸಿಲು ಸುಡುತ್ತಿದ್ದಾಗ ಅವಳು ದೊಡ್ಡ ಗಂಟು ಹೊತ್ತು ಕಚೇರಿಗೆ ಬಂದಳು. ಒಂದೊಂದು ಸ್ವೆಟರಿಗೂ ಸೊಟ್ಟ ಅಕ್ಷರದ ಚೀಟಿ: 'ಮೇಷ್ಟ್ರು, ನಾಳೆ', 'ಬಳೆ ಅಂಗಡಿ ಅಮ್ಮ, ನಾಳೆ'. ಕಂದು ಸ್ವೆಟರಿನ ಮೇಲೆ 'ಆಫೀಸ್ ಸಾರ್, ನಾಳೆ'. ಮಾತು ಕೊಟ್ಟವರದು ಅಂತ, ನಗದು ಹಿಡಿದು ಬಂದವರಿಗೂ ಕೊಟ್ಟಿರಲಿಲ್ಲವಂತೆ.

"ಅಲ್ಲಮ್ಮ, ನಾವು ಬಾಯಿಮಾತಿಗೆ ಅಂದ್ವಿ. ಅಷ್ಟೂ ಗೊತ್ತಾಗ್ಲಿಲ್ವಾ?"

"ಯಾರೂ ಬರಲ್ಲ ಅಂತ ಪಕ್ಕದ ಅಂಗಡಿಯವರು ಅಂದ್ರು ಸಾರ್. ನಾನು ನಂಬಲಿಲ್ಲ. ನೀವು ನಾಳೆ ನಾಳೆ ಅಂದು ಹನ್ನೆರಡನೇ ನಾಳೆ ಕೊಟ್ರಲ್ಲ! ಇವರೂ ಬರ್ತಾರೆ ಅಂತ ಕಾದೆ."

ನಾಚಿಕೆಯಿಂದ ಭೂಮಿಗಿಳಿದುಹೋದೆ. ಅವಳು ಮೊದಲು ಹೇಳಿದ ಬೆಲೆಯನ್ನೇ ಕೊಟ್ಟು ಅಲ್ಲೇ ಸ್ವೆಟರ್ ತೊಟ್ಟೆ. ಉಳಿದ ಗಂಟನ್ನು ನಾನೇ ಹೊತ್ತು, ಮನೆಮನೆಗೆ ತಲುಪಿಸೋಣ ಬನ್ನಿ ಅಂತ ಅವಳನ್ನೂ ಕರೆದುಕೊಂಡು ಉರಿಬಿಸಿಲಲ್ಲಿ ಹೊರಟೆ.

ಮೊದಲು ಸಿಕ್ಕಿದ್ದು ಮೇಷ್ಟ್ರ ಮನೆ. ಅವರು ಬಾಗಿಲು ಅರ್ಧ ತೆರೆದು ನನ್ನ ಸ್ವೆಟರನ್ನೂ, ಬೆವರನ್ನೂ, ಗಂಟನ್ನೂ ನೋಡಿದರು.

"ಈಗ ಊಟದ ಹೊತ್ತು ಸಾರ್. ನಾಳೆ ಬನ್ನಿ" ಅಂದು ಬಾಗಿಲು ಹಾಕಿಕೊಂಡರು.

ಅವಳು ಜಗಲಿಯ ಮೇಲೆ ಕೂತಳು. ನಾನೂ ಪಕ್ಕದಲ್ಲಿ ಕೂತೆ.